ರಜಪೂತ್ ಮಾಡಿದ ಕೆಲಸ

‘ಪಾಕಿಸ್ತಾನದ ಘಾಜಿ ಸಬ್‌ಮರೀನನ್ನು ಮುಳುಗಿಸಿದ್ದು ಐಎನ್‌ಎಸ್ ರಜಪೂತ್’ ಎಂದು ಕಳೆದ ಸಂಚಿಕೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೆವು. ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: ‘ಘಾಜಿ ತಾನೇ ಸಮುದ್ರದಲ್ಲಿ ಹಾಕಿದ ಮೈನ್ (ನೀರೊಳಗಿನ ಸಿಡಿಗುಂಡು) ಸಿಡಿದು ಮುಳುಗಿತು ಅಂತಾರಲ್ಲ? ಹಾಗಾದರೆ ರಜಪೂತ್ ಮಾಡಿದ್ದಾದರೂ ಏನು?’

ನ್ಯಾಯವಾದ ಪ್ರಶ್ನೆ. ಆ ಹಡಗಿನ ಕಥೆಯನ್ನು ಮೊದಲಿಂದ ಹೇಳಿಬಿಡುತ್ತೇನೆ.

ಅದು ಹುಟ್ಟಿದ್ದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ, 1942ರಲ್ಲಿ. ಆಗಿನ ಹೆಸರು ಎಚ್‌ಎಂಎಸ್ ರಾದರ್‌ಹ್ಯಾಮ್. ಎರಡನೇ ಮಹಾಯುದ್ಧದಲ್ಲಿ ಹಿಂದೂ ಮಹಾಸಾಗರದಲ್ಲಿ ದುಡಿಯಿತು. 1945ರ ಸೆಪ್ಟೆಂಬರಿನಲ್ಲಿ ಜಪಾನೀಯರು ಸಿಂಗಾಪುರ ಬಿಟ್ಟುಕೊಟ್ಟಾಗ ಅಲ್ಲಿನ ನೌಕಾನೆಲೆಯಲ್ಲಿತ್ತು. 1949ರಲ್ಲಿ ನಮ್ಮ ನೌಕಾಪಡೆಗೆ ಬಂದು ರಜಪೂತ್ ಆಯಿತು. 1961ರಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್‌ಗೆ ಕಾವಲಾಗಿ ನಿಂತ ಹಡಗುಗಳಲ್ಲಿ ಇದೂ ಒಂದು.

ಹತ್ತು ವರ್ಷ ಕಳೆದ ಮೇಲೆ ಅದೇ ರಜಪೂತ್ ವಿಕ್ರಾಂತ್‌ನ ವೇಷ ಹಾಕಿತು! ಘಾಜಿ 1971ರ ನವೆಂಬರ್‌ನಲ್ಲಿ ಕರಾಚಿಯಿಂದ ಹೊರಟಿದ್ದೇ ವಿಕ್ರಾಂತ್‌ನ ಬೇಟೆಗೆ. ನೌಕಾಪಡೆಯ ಪೂರ್ವ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರು ವಿಕ್ರಾಂತ್‌ನನ್ನು ಅಂಡಮಾನ್ ಕಡೆ ಅಡಗಿಸಿಟ್ಟರು. ವಿಶಾಖಪಟ್ಟಣದ ಕರಾವಳಿಯಾಚೆ ರಜಪೂತ್ ಮಾತ್ರ ದೊಡ್ಡ ಹಡಗಿನ ಹಾಗೆ ಎಡೆಬಿಡದೆ ವೈರ್‌ಲೆಸ್ ಸಂದೇಶ ಕಳಿಸುತ್ತಿತ್ತು. ಇಡೀ ನೌಕಾದಳ ಬಂದಿದೆ ಅನ್ನಿಸುವಷ್ಟು ರೇಷನ್, ತರಕಾರಿಯನ್ನು ಊರಿನ ಗುತ್ತಿಗೆದಾರರಿಂದ ತರಿಸಲು ಆರ್ಡರ್ ಕೊಟ್ಟರು. ವಿಕ್ರಾಂತ್‌ನ ನಾವಿಕನೊಬ್ಬ ತನ್ನ ತಾಯಿಯ ಕಾಯಿಲೆ ಹೇಗಿದೆ ಎಂದು ವಿಚಾರಿಸಿದಂತೆ ಒಂದು ಸುಳ್ಳು ತಂತಿಯೂ ಹೋಯಿತು. ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಅಮ್ಮನ ಆರೋಗ್ಯ ಕೇಳುವ ಮಗನ ಮೇಲೆ ಯಾರಿಗೆ ಅನುಮಾನ ಬಂದೀತು, ಅಲ್ವಾ?

ಡಿಸೆಂಬರ್ 3ರ ನಡುರಾತ್ರಿ ಹೊತ್ತಿಗೆ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಅವರ ಕೈಯಲ್ಲಿ ರಜಪೂತ್ ಬಂದರಿನಿಂದ ಹೊರಬಿತ್ತು. ಮುಂದೆ ನೀರು ಕಲಕಿದ್ದು ಕಾವಲಿನವನ ಕಣ್ಣಿಗೆ ಬಿತ್ತು. ಅಲ್ಲಿಗೆ ನುಗ್ಗಿ ಎರಡು ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬು) ಎಸೆದರು. ಸ್ವಲ್ಪ ಹೊತ್ತಿನಲ್ಲೇ ಊರಿನ ಕಿಟಕಿಗಳು ಅದುರುವಷ್ಟು ದೊಡ್ಡ ಸದ್ದಾಯಿತು. ಘಾಜಿಯಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ. ಅವರೂ ಯಾರದೋ ಮಕ್ಕಳೇ.

ಡೆಪ್ತ್ ಚಾರ್ಜ್‌ನಿಂದಲೇ ಮುಳುಗಿತು ಎಂಬುದು ನಮ್ಮವರ ಮಾತು. ಸ್ವಂತ ಮೈನ್ ಎಂಬುದು ಪಾಕಿಸ್ತಾನದ ವಾದ. ಇದು ಇನ್ನೂ ಇತ್ಯರ್ಥವಾಗಿಲ್ಲ. ಆದ್ದರಿಂದ ಅಷ್ಟು ಖಚಿತವಾಗಿ ಬರೆದದ್ದು ನಮ್ಮ ತಪ್ಪು. ದಯವಿಟ್ಟು ಆ ಸಾಲನ್ನು ಹೀಗೆ ತಿದ್ದಿಕೊಂಡು ಓದಿ: ‘ಘಾಜಿ ವಿಶಾಖಪಟ್ಟಣದ ಎದುರು ಕಾದು ಕೂತು, ಅಲ್ಲೇ ಮುಳುಗಿತು; ವಿಕ್ರಾಂತ್ ಅಲ್ಲೇ ಇದೆ ಎಂದು ಅದನ್ನು ನಂಬಿಸಿದ್ದು ಐಎನ್‌ಎಸ್ ರಜಪೂತ್.’