ಊಟ ಬಿಟ್ಟ ಮುದಿ ಬೆಕ್ಕು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಮನೆಯ ಹೆಣ್ಣು ಬೆಕ್ಕಿಗೆ ಹದಿಮೂರು ವರ್ಷ. ನಮ್ಮದು ಶಾಕಾಹಾರಿ ಮನೆಯಾದ್ದರಿಂದ ಅದು ಹಾಲು, ಮೊಸರು, ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ ತಿಂದು, ಹಿತ್ತಲಲ್ಲಿ ಇಲಿ ಹಿಡಿದುಕೊಂಡು ಬೆಳೆದಿದೆ. ಈಚೆಗೆ ತೆಳ್ಳಗಾಗುತ್ತ ಬಂದಿದ್ದು, ನೀರನ್ನು ಮಾತ್ರ ಮೊದಲಿಗಿಂತ ಹೆಚ್ಚು ಕುಡಿಯುತ್ತಿತ್ತು. ಮೊನ್ನೆಯಿಂದ ಏನನ್ನೂ ತಿಂದಿಲ್ಲ. ಬಟ್ಟಲನ್ನು ಮೂಸಿ, ತುಟಿ ನೆಕ್ಕಿಕೊಂಡು ಹಿಂದೆ ಸರಿಯುತ್ತದೆ. ಬಾಯಿ ವಾಸನೆ ಬರುತ್ತಿದೆ. ವಯಸ್ಸಾಯಿತು, ಬಿಟ್ಟುಬಿಡಿ ಎಂದು ನೆರೆಯವರು ಹೇಳುತ್ತಾರೆ. ಸಿರಿಂಜಿನಲ್ಲಿ ಹಾಲು ಹಾಕಲೇ? ಮೈ ಬಿಸಿಯಾಗಿದೆ, ಮಕ್ಕಳ ಜ್ವರದ ಔಷಧಿ ಕೊಡಬಹುದೇ?
— ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ತಾಯಿ, ನಿಮ್ಮ ಪತ್ರ ಕೈಸೇರಿದ ಕೂಡಲೇ ಫೋನಿನಲ್ಲಿ ತಿಳಿಸಿದ್ದನ್ನು, ಇದೇ ಕಷ್ಟದಲ್ಲಿರುವ ಇತರ ಓದುಗರಿಗೂ ತಲುಪಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಮೊದಲು ಜ್ವರದ ಔಷಧಿಯ ವಿಚಾರ, ಏಕೆಂದರೆ ಅದರಲ್ಲಿ ತಪ್ಪಿದರೆ ಉಳಿದ ಯಾವ ಆರೈಕೆಗೂ ಸಮಯ ಸಿಗುವುದಿಲ್ಲ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ನಿರುಪದ್ರವಗೊಳಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ ಇರುವುದರಿಂದ, ರಕ್ತವು ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು, ಒಸಡು ಕಂದಾಗಿ, ಮುಖ ಮತ್ತು ಪಾದಗಳು ಊದಿ, ಒಂದೇ ಮಾತ್ರೆಯಿಂದ ಪ್ರಾಣ ಹೋಗಬಹುದು. ಬೆಕ್ಕಿನ ಸಹಜ ಉಷ್ಣತೆಯೇ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಆರೋಗ್ಯವಾಗಿರುವಾಗಲೂ ಅದರ ಮೈ ನಮ್ಮ ಕೈಗೆ ಬೆಚ್ಚಗೇ ತಾಗುತ್ತದೆ.

ನೆರೆಯವರ ಮಾತನ್ನು ನಾನು ಒಪ್ಪುವುದಿಲ್ಲ. ವಯಸ್ಸಾದ ಬೆಕ್ಕು ಹೆಚ್ಚು ಮಲಗಬಹುದು, ಕಡಿಮೆ ಓಡಾಡಬಹುದು. ಆದರೆ ಊಟವನ್ನು ಪೂರ್ತಿ ಬಿಟ್ಟಿದೆಯೆಂದರೆ ಒಳಗೆ ಒಂದು ಕಾಯಿಲೆಯೋ ನೋವೋ ಇದ್ದೇ ಇರುತ್ತದೆ. ಅದಲ್ಲದೆ, ಉಪವಾಸವೇ ಬೆಕ್ಕಿಗೆ ಇನ್ನೊಂದು ಕಾಯಿಲೆಯನ್ನು ತರುತ್ತದೆ. ಆಹಾರ ನಿಂತಾಗ ಮೈಯಲ್ಲಿನ ಕೊಬ್ಬು ಕರಗಿ ಯಕೃತ್ತಿಗೆ ಹರಿಯುತ್ತದೆ. ಅಷ್ಟನ್ನು ನಿಭಾಯಿಸಲಾಗದೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು, ಕೆಲವೇ ದಿನಗಳಲ್ಲಿ ಕಾಮಾಲೆ ಕಾಣಿಸಿಕೊಳ್ಳಬಹುದು. ದಪ್ಪ ಬೆಕ್ಕುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ 24 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ತಿಳಿಸಬೇಕು, 48 ಗಂಟೆ ದಾಟುವುದರೊಳಗೆ ತೋರಿಸಲೇಬೇಕು. ಕಿವಿಯ ಒಳಭಾಗ ಅಥವಾ ಒಸಡು ಹಳದಿಯಾಗಿ ಕಂಡರೆ ಒಂದು ಗಂಟೆಯನ್ನೂ ಕಳೆಯಬಾರದು.

ನೀವು ಬರೆದ ಲಕ್ಷಣಗಳು, ಅಂದರೆ ತೂಕ ಇಳಿಕೆ, ಹೆಚ್ಚಿದ ಬಾಯಾರಿಕೆ, ಬಾಯಿ ವಾಸನೆ, ಒಟ್ಟಾಗಿ ಮೂತ್ರಪಿಂಡದ ಕಡೆಗೆ ಬೊಟ್ಟು ಮಾಡುತ್ತವೆ. ಮುದಿ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ. ಮೂತ್ರಪಿಂಡದ ಮೂರರಲ್ಲಿ ಎರಡು ಪಾಲು ಕೆಲಸ ನಿಲ್ಲುವವರೆಗೂ ಹೊರಗೆ ಏನೂ ಕಾಣಿಸದಿರಬಹುದಾದ್ದರಿಂದ, ಮೊದಲೇ ಗೊತ್ತಾಗಲಿಲ್ಲವಲ್ಲ ಎಂದು ನೀವು ನೊಂದುಕೊಳ್ಳಬೇಕಾಗಿಲ್ಲ. ಮೂಸಿ ತುಟಿ ನೆಕ್ಕಿಕೊಳ್ಳುವುದು ವಾಕರಿಕೆಯ ಗುರುತು: ಹಸಿವಿದ್ದೂ ಅದಕ್ಕೆ ತಿನ್ನಲಾಗುತ್ತಿಲ್ಲ. ಹಲ್ಲಿನ ಬುಡ ಕೊಳೆತಿದ್ದರೂ ಬಾಯಿ ವಾಸನೆ ಬರುತ್ತದೆ. ಆಗ ಸಾಮಾನ್ಯವಾಗಿ ಜೊಲ್ಲು ಸುರಿಯುತ್ತದೆ, ಒಂದು ತುತ್ತು ಕಚ್ಚಿ ಕೆಳಗೆ ಬೀಳಿಸುತ್ತದೆ. ಯಾವುದೆಂದು ತಿಳಿಯಲು ಬಾಯಿಯನ್ನು ತೆರೆದು ನೋಡಬೇಕು, ರಕ್ತ ಮತ್ತು ಮೂತ್ರವನ್ನು ಪರೀಕ್ಷಿಸಬೇಕು.

ನಮ್ಮ ಜಿಲ್ಲೆಗಳ ಪಶು ಆಸ್ಪತ್ರೆಗಳು ಹೆಚ್ಚಾಗಿ ದನ, ಎಮ್ಮೆ, ಆಡು, ಕುರಿಗಳನ್ನು ನೋಡುವಂಥವು. ಹಾಗಾಗಿ ಬೆಕ್ಕಿನ ರಕ್ತ ತೆಗೆದು ಪರೀಕ್ಷಿಸುವ ಅನುಕೂಲವಿದೆಯೇ ಎಂದು ಮೊದಲೇ ಫೋನು ಮಾಡಿ ಕೇಳಿ. ಇಲ್ಲವೆಂದರೆ ಸಾಕುಪ್ರಾಣಿಗಳನ್ನೇ ನೋಡುವ ಖಾಸಗಿ ವೈದ್ಯರು ಬೆಳಗಾವಿಯಲ್ಲೂ ಹುಬ್ಬಳ್ಳಿ–ಧಾರವಾಡದಲ್ಲೂ ಇದ್ದಾರೆ. ರಕ್ತವನ್ನು ಮನುಷ್ಯರ ಪ್ರಯೋಗಾಲಯಕ್ಕೆ ಕಳುಹಿಸಿದರೆ ವರದಿಯಲ್ಲಿ ಮುದ್ರಿಸಿದ ಮಿತಿಗಳನ್ನು ನಂಬಬೇಡಿ, ಮೂತ್ರಪಿಂಡದ ಕೆಲಸವನ್ನು ಅಳೆಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ 1.4 ಎಂಬುದು ನಮಗೆ ಹೆಚ್ಚೆನಿಸಿದರೂ ಬೆಕ್ಕಿಗೆ ಸಹಜವೇ ಆಗಿರಬಹುದು. ಬೇಸಿಗೆಯಾದರೆ ಮಧ್ಯಾಹ್ನದ ಪ್ರಯಾಣ ಬೇಡ. ಮುಚ್ಚಳವಿರುವ, ಗಾಳಿಯಾಡುವ ಬುಟ್ಟಿಯಲ್ಲಿ ಅದು ಮಲಗುವ ಹಳೆಯ ಬಟ್ಟೆಯನ್ನೇ ಹಾಸಿ ಒಯ್ಯಿರಿ.

ಸಿರಿಂಜಿನಲ್ಲಿ ಹಾಲು ಹಾಕಬೇಡಿ. ಒಲ್ಲದ ಬೆಕ್ಕಿನ ಬಾಯಿಗೆ ಸುರಿದ ದ್ರವ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ವಾಕರಿಕೆಯಲ್ಲಿರುವಾಗ ಬಲವಂತವಾಗಿ ತಿನ್ನಿಸಿದ ಪದಾರ್ಥವನ್ನು ಬೆಕ್ಕು ಮುಂದೆ ಗುಣವಾದ ಮೇಲೂ ಮುಟ್ಟದಿರಬಹುದು. ಇದೇ ಕಾರಣಕ್ಕೆ ಔಷಧಿಯನ್ನು ಅದರ ಮೆಚ್ಚಿನ ತಿನಿಸಿನಲ್ಲಿ ಬೆರೆಸುವುದನ್ನೂ ನಾನು ಬೇಡವೆನ್ನುತ್ತೇನೆ. ವೈದ್ಯರು ಮೊದಲು ವಾಕರಿಕೆ ನಿಲ್ಲಿಸುವ ಔಷಧಿ ಕೊಟ್ಟು, ಸಲೈನ್ ಹಾಕಿ, ಬಳಿಕ ಹಸಿವು ಹೆಚ್ಚಿಸುವ ಮಿರ್ಟಾಜಪೈನ್ ಬರೆಯಬಹುದು. ಇದು ಮನುಷ್ಯರ ಔಷಧಿ ಅಂಗಡಿಯಲ್ಲೂ ಸಿಗುವಂಥದ್ದಾದರೂ ಬೆಕ್ಕಿಗೆ ಬೇಕಾದದ್ದು ಮಾತ್ರೆಯ ಚಿಕ್ಕ ಚೂರು, ಮೂತ್ರಪಿಂಡದ ಕಾಯಿಲೆಯಿದ್ದರೆ ಇನ್ನೂ ಕಡಿಮೆ. ನೀವಾಗಿಯೇ ತಂದು ಕೊಡಬಾರದು. ಇಷ್ಟಾದರೂ ತಿನ್ನದಿದ್ದರೆ ಮೂಗಿನ ಮೂಲಕ ಅಥವಾ ಕತ್ತಿನ ಬದಿಯಿಂದ ಅನ್ನನಾಳಕ್ಕೆ ನಳಿಕೆ ಇಳಿಸಿ ಆಹಾರ ಕೊಡಬಹುದು. ನಳಿಕೆಯೆಂದರೆ ಮನೆಯವರು ಹೆದರುತ್ತಾರೆ. ಆದರೆ ದಿನಕ್ಕೆ ನಾಲ್ಕಾರು ಬಾರಿ ಹಿಡಿದು ಬಾಯಿ ಬಿಡಿಸುವುದಕ್ಕಿಂತ ಅದು ಬೆಕ್ಕಿಗೆ ಎಷ್ಟೋ ಹಿತ, ಮತ್ತು ಯಕೃತ್ತಿಗೆ ಕೊಬ್ಬು ತುಂಬಿದ ಬಹಳಷ್ಟು ಬೆಕ್ಕುಗಳು ಬದುಕಿರುವುದು ಈ ನಳಿಕೆಯಿಂದಲೇ.

ಮನೆಯಲ್ಲಿ ನೀವು ಮಾಡಬಹುದಾದದ್ದೂ ಇದೆ. ಬೆಕ್ಕು ಆಹಾರವನ್ನು ಒಪ್ಪುವುದು ಮುಖ್ಯವಾಗಿ ವಾಸನೆಯಿಂದ. ಫ್ರಿಜ್ಜಿನಿಂದ ತೆಗೆದದ್ದಕ್ಕೆ ವಾಸನೆಯೇ ಇರುವುದಿಲ್ಲವಾದ್ದರಿಂದ ಮೈಬಿಸಿಯಷ್ಟು ಬೆಚ್ಚಗೆ ಮಾಡಿ, ಅಗಲವಾದ ತಟ್ಟೆಯಲ್ಲಿ ಒಂದೇ ಚಮಚದಷ್ಟು ಇಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಅರ್ಧ ಗಂಟೆಯಲ್ಲಿ ಮುಟ್ಟದಿದ್ದರೆ ತೆಗೆದುಬಿಡಿ. ಇಡೀ ದಿನ ಎದುರಿಗಿದ್ದರೆ ಓಕರಿಕೆ ಹೆಚ್ಚುತ್ತದೆ. ಬೆಕ್ಕು ಮಾಂಸಾಹಾರಿ. ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಮಾಂಸದಲ್ಲಿ ಹೇರಳ, ರೊಟ್ಟಿಯಲ್ಲಿ ಇಲ್ಲವೇ ಇಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ದುರ್ಬಲವಾಗುತ್ತದೆಂಬುದು 1987ರಲ್ಲೇ ಸ್ಥಾಪಿತವಾಗಿದೆ. ಇಷ್ಟು ವರ್ಷ ಹಿತ್ತಲಿನ ಇಲಿಗಳೇ ಆ ಕೊರತೆಯನ್ನು ತುಂಬಿರಬೇಕು. ಈಗ ಅದಕ್ಕೆ ಬೇಟೆಯಾಡುವ ಶಕ್ತಿಯಿಲ್ಲ. ನಿಮ್ಮ ಆಚಾರಕ್ಕೆ ತೊಂದರೆಯಾಗದಂತೆ, ಅಡುಗೆಮನೆಯ ಹೊರಗೆ ಪ್ರತ್ಯೇಕ ತಟ್ಟೆಯಲ್ಲಿ, ಪೊಟ್ಟಣದಲ್ಲಿ ಸಿಗುವ ಮೆತ್ತನೆಯ ಬೆಕ್ಕಿನ ಆಹಾರವನ್ನು ಕೊಡಬಹುದು. ಸಾರು ಕೊಡುವುದಾದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೋಕಿರಬಾರದು. ಎರಡೂ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಮೂತ್ರಪಿಂಡದ ಪಥ್ಯದ ಆಹಾರವನ್ನು ಈಗಲೇ ಆರಂಭಿಸುವ ಆತುರ ಬೇಡ. ಮೊದಲು ಏನನ್ನಾದರೂ ತಿನ್ನಲಿ. ಪಥ್ಯವನ್ನು ಚೇತರಿಸಿಕೊಂಡ ಮೇಲೆ ಸ್ವಲ್ಪಸ್ವಲ್ಪವಾಗಿ ಬೆರೆಸಿದರಾಯಿತು.

ಪ್ರಶ್ನೆ: ನಮ್ಮ ಹದಿನೈದು ವರ್ಷದ ಬೆಕ್ಕಿಗೆ ಮೂತ್ರಪಿಂಡದ ಕಾಯಿಲೆಯೆಂದು ಖಚಿತವಾಗಿದೆ. ಮನೆಯಲ್ಲೇ ಚರ್ಮದಡಿ ಸಲೈನ್ ಹಾಕಲು ವೈದ್ಯರು ಹೇಳಿದ್ದಾರೆ. ಸೂಜಿ ಚುಚ್ಚಲು ಕೈ ಬರುತ್ತಿಲ್ಲ, ಇದು ಹಿಂಸೆಯಲ್ಲವೇ?
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಹೆಗಲುಗಳ ನಡುವಿನ ಸಡಿಲ ಚರ್ಮದಲ್ಲಿ ಬೆಕ್ಕಿಗೆ ನೋವು ಕಡಿಮೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಿ, ಪ್ರತಿ ಸಲವೂ ಹೊಸ ಸೂಜಿ ಬಳಸಿ. ದ್ರವ ಒಂದು ಬದಿಗೆ ಗಂಟಿನಂತೆ ಇಳಿದು ಕೆಲವು ಗಂಟೆಗಳಲ್ಲಿ ಹೀರಿಕೊಳ್ಳುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಆದರೆ ಉಸಿರಾಟ ವೇಗವಾದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ, ಏಕೆಂದರೆ ಹೃದಯ ದುರ್ಬಲವಾಗಿರುವ ಬೆಕ್ಕಿಗೆ ಹೆಚ್ಚಿನ ದ್ರವ ಅಪಾಯಕಾರಿ. ಮೊದಲ ಕೆಲವು ಸಲ ವೈದ್ಯರ ಎದುರಿನಲ್ಲೇ ನೀವು ಹಾಕಿ ಕಲಿತುಕೊಳ್ಳಿ. ಸಲೈನ್ ಹಾಕಿದ ಮರುದಿನ ಬೆಕ್ಕು ತಾನಾಗಿ ಎದ್ದು ತಿಂದರೆ, ಮೈ ನೆಕ್ಕಿಕೊಂಡು ಶುಚಿ ಮಾಡಿಕೊಂಡರೆ, ಅದು ಹಿಂಸೆಯಲ್ಲ, ಉಪಕಾರ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ನಾಲ್ಕು ಕಿಲೋ ಬೆಕ್ಕು ಇನ್ನೂರು ಗ್ರಾಂ ಇಳಿದರೂ ಅದು ನೂರಕ್ಕೆ ಐದರಷ್ಟಾಗುತ್ತದೆ. ಔಷಧಿ, ಸಲೈನ್, ನಳಿಕೆ ಎಲ್ಲವೂ ಆದ ಮೇಲೂ ದಿನಗಟ್ಟಲೆ ಮೂಲೆ ಬಿಟ್ಟು ಏಳದಿದ್ದರೆ, ಮಲಗಿದಲ್ಲೇ ಮೂತ್ರ ಮಾಡಿಕೊಂಡರೆ, ನಿಮ್ಮ ಸ್ಪರ್ಶದಿಂದಲೂ ದೂರ ಸರಿದರೆ, ದಯಾಮರಣದ ಬಗ್ಗೆ ವೈದ್ಯರೊಡನೆ ಮಾತನಾಡಲು ಹಿಂಜರಿಯಬೇಡಿ. ಆ ನಿರ್ಧಾರವನ್ನು ಮನೆಯವರೆಲ್ಲ ಸೇರಿ ತೆಗೆದುಕೊಳ್ಳಿ, ಒಬ್ಬರ ಮೇಲೆ ಹೊರಿಸಬೇಡಿ.