ಅಮೆರಿಕದ ಅಧ್ಯಕ್ಷರು ತಾವೇ ಒಂದು ಆದೇಶ ಬರೆದು ಸಹಿ ಹಾಕಿದರೆ ರಾಜ್ಯದ ಕಾನೂನು ಬಿದ್ದುಹೋಗುತ್ತಾ?

ಇಲ್ಲ. ನಮ್ಮ ರಾಷ್ಟ್ರಪತಿ ಆಳ್ವಿಕೆ ಥರದ್ದು ಅಲ್ಲಿಲ್ಲ. ನಾನು ವಕೀಲನಲ್ಲ, ಟೆಕ್ಸಾಸ್‌ನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಕೇಸು ಇದೇ ಟೆಕ್ಸಾಸ್‌ನದ್ದು.

1993ರಲ್ಲಿ ಹ್ಯೂಸ್ಟನ್‌ನಲ್ಲಿ ಇಬ್ಬರು ಹುಡುಗಿಯರ ಕೊಲೆಯಾಯಿತು. ಅದಕ್ಕೆ ಮರಣದಂಡನೆ ವಿಧಿಸಿದವರಲ್ಲಿ ಹೊಸೆ ಮೆಡೆಯಿನ್ ಒಬ್ಬ, ಮೆಕ್ಸಿಕೋ ಪ್ರಜೆ. ವಿದೇಶಿಯನ್ನು ಹಿಡಿದರೆ ‘ನಿಮ್ಮ ಕಾನ್ಸುಲೇಟ್‌ಗೆ ತಿಳಿಸಬಹುದು’ ಅಂತ ಅವನಿಗೆ ಹೇಳಬೇಕು. ಅದು ವಿಯೆನ್ನಾ ಒಪ್ಪಂದ. ಕುಲಭೂಷಣ್ ಜಾಧವ್ ಕೇಸಿನಲ್ಲಿ ಭಾರತ ಮುಂದಿಟ್ಟಿದ್ದೂ ಇದನ್ನೇ. ಮೆಡೆಯಿನ್‌ಗೆ ಯಾರೂ ಹೇಳಲಿಲ್ಲ. ಇಂಥ 51 ಮೆಕ್ಸಿಕನ್ನರ ಕೇಸುಗಳನ್ನು ಮತ್ತೆ ನೋಡಿ ಅಂತ 2004ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಹೇಳಿತು.

2005ರ ಫೆಬ್ರವರಿಯಲ್ಲಿ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಅಟಾರ್ನಿ ಜನರಲ್‌ಗೆ (ಅಲ್ಲಿನ ಕಾನೂನು ಸಚಿವರ ಥರ) ಒಂದು ಪುಟ್ಟ ಮೆಮೊ ಬರೆದರು. ವಿಷಯ ಇಷ್ಟೇ: ರಾಜ್ಯದ ಕೋರ್ಟುಗಳು ಆ ತೀರ್ಪನ್ನು ಪಾಲಿಸಲಿ. ಬುಷ್ ಅಂದರೆ ಇದೇ ಟೆಕ್ಸಾಸ್‌ನ ಮಾಜಿ ಗವರ್ನರ್! ಆದರೂ ಟೆಕ್ಸಾಸ್ ಜಗ್ಗಲಿಲ್ಲ. ಮೊದಲ ವಿಚಾರಣೆಯಲ್ಲೇ ಎತ್ತಬೇಕಿದ್ದ ತಕರಾರನ್ನು ಈಗ ಹೊಸ ಅರ್ಜಿ ಹಾಕಿ ಎತ್ತೋ ಹಾಗಿಲ್ಲ, ಅದು ನಮ್ಮ ರಾಜ್ಯದ ನಿಯಮ ಅಂದಿತು.

2008ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಟೆಕ್ಸಾಸ್ ಪರ ನಿಂತಿತು. ಹೇಗ್‌ನ ತೀರ್ಪು ದೇಶದೊಳಗೆ ಕಾನೂನಾಗಬೇಕಾದರೆ ಕಾಂಗ್ರೆಸ್ ಶಾಸನ ಮಾಡಬೇಕು. (ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು, ನಮ್ಮ ಪಕ್ಷ ಅಲ್ಲ.) ಅಧ್ಯಕ್ಷರ ಕೆಲಸ ಕಾನೂನು ಜಾರಿ ಮಾಡುವುದು, ಮೆಮೊ ಬರೆದು ಕಾನೂನು ಹುಟ್ಟಿಸುವುದಲ್ಲ. ಅದೇ ವರ್ಷ ಆಗಸ್ಟ್ 5ರಂದು ಮೆಡೆಯಿನ್‌ನ ಮರಣದಂಡನೆ ಜಾರಿಯೂ ಆಗಿಹೋಯಿತು. ಅಧ್ಯಕ್ಷರ ಕೈ ಕಟ್ಟಿದರೆ ಯಾವಾಗಲೂ ಸಾಮಾನ್ಯನಿಗೇ ಲಾಭ ಅಂದುಕೊಂಡಿದ್ದೆ ನಾನು. ಇಲ್ಲಿ ಉಲ್ಟಾ ಆಯ್ತು.

ಹಾಗಂತ ರಾಜ್ಯಗಳೇ ಮೇಲು ಅಂತಲ್ಲ. ಕಾಂಗ್ರೆಸ್ ತನ್ನ ವ್ಯಾಪ್ತಿಯಲ್ಲಿ ಮಾಡಿದ ಕಾನೂನಿಗೂ ರಾಜ್ಯದ ಕಾನೂನಿಗೂ ಜಗಳ ಬಿದ್ದರೆ ಗೆಲ್ಲುವುದು ಫೆಡರಲ್, ಅಂದರೆ ಕೇಂದ್ರದ, ಕಾನೂನೇ. ಸಂವಿಧಾನದ 6ನೇ ವಿಧಿ ಹಾಗೆ ಹೇಳುತ್ತದೆ. ಆದರೆ ಅದನ್ನು ಜಾರಿ ಮಾಡಿಕೊಡು ಅಂತ ರಾಜ್ಯದ ಪೊಲೀಸರಿಗೆ ವಾಷಿಂಗ್ಟನ್ ಹುಕುಂ ಕೊಡುವಂತಿಲ್ಲ. ಪಿಸ್ತೂಲು ಕೊಳ್ಳುವವರ ಪೂರ್ವಾಪರ ನೋಡುವ ಕೆಲಸವನ್ನು ಕೇಂದ್ರದ ಕಾನೂನೊಂದು ಶೆರಿಫ್‌ಗಳ (ಸ್ಥಳೀಯ ಪೊಲೀಸ್ ಮುಖ್ಯಸ್ಥರ) ತಲೆಗೆ ಕಟ್ಟಿದ್ದಾಗ 1997ರಲ್ಲಿ ಸುಪ್ರೀಂ ಕೋರ್ಟ್ ಬೇಡ ಅಂದದ್ದು ಇದಕ್ಕೇ. ಕೊಲೊರಾಡೊದಲ್ಲಿ 2014ರಿಂದ ಗಾಂಜಾ ಅಂಗಡಿಗಳು ರಾಜಾರೋಷವಾಗಿ ನಡೆಯುತ್ತಿರುವುದರ ಹಿಂದಿನ ಗುಟ್ಟೂ ಹೆಚ್ಚುಕಡಿಮೆ ಇಷ್ಟೇ. ಫೆಡರಲ್ ಕಾನೂನಿನಲ್ಲಿ ಅದು ಅಪರಾಧವೇ. ಹಿಡಿಯಬೇಕಾದರೆ ಫೆಡರಲ್‌ನವರೇ ಬರಬೇಕು. ಅವರ ಹತ್ತಿರ ಅಷ್ಟು ಜನ ಎಲ್ಲಿದ್ದಾರೆ?

ಡೆನ್ವರ್‌ಗೆ ಹೋದಾಗ ಅಂಥ ಒಂದು ಅಂಗಡಿ ಮುಂದೆ ಗೆಳೆಯನೊಬ್ಬ ‘ಇಲ್ಲಿ ಲೀಗಲ್ ಅಲ್ವಾ, ಬಾರೋ, ಸುಮ್ನೆ ಒಂದು ಗಮ್ಮಿ’ ಅಂದ. (ಗಮ್ಮಿ ಅಂದರೆ ಗಾಂಜಾ ಬೆರೆಸಿದ ಮಿಠಾಯಿ.) ಅವನ ಗ್ರೀನ್ ಕಾರ್ಡ್ ಅರ್ಜಿ ಆಗಿನ್ನೂ ಬಾಕಿ ಇತ್ತು. ವಲಸೆ ಇಲಾಖೆ ನೋಡುವುದು ಕೊಲೊರಾಡೊ ಕಾನೂನನ್ನಲ್ಲ, ಫೆಡರಲ್ ಕಾನೂನನ್ನು. ಅಷ್ಟು ಹೇಳಿದ್ದೇ ತಡ, ಸೀದಾ ಕಾರಿಗೆ ಬಂದು ಕೂತ.