ಭಾರವಾದ ಬಟ್ಟೆಗಳಿಗೆ ಬಾಗದ ಕಪಾಟಿನ ಹಲಗೆ ಹಾಕುವುದು ಹೇಗೆ?
ನಿಮ್ಮ ಬಟ್ಟೆ ಕಪಾಟು 150 ಸೆಂಟಿಮೀಟರ್ ಅಗಲವಿದೆ, ಎರಡು ತುದಿಗಳಲ್ಲಿ ಮಾತ್ರ ಬ್ರಾಕೆಟ್ ಇರುವ 18 ಮಿಲಿಮೀಟರ್ ಪಾರ್ಟಿಕಲ್ ಬೋರ್ಡಿನ ಹಲಗೆ ಕಂಬಳಿ, ಜೀನ್ಸ್, ಉಣ್ಣೆಯ ಕೋಟುಗಳ ಭಾರಕ್ಕೆ ನಡುವೆ ಜೋತುಬಿದ್ದಿದೆ, ಒಂದು ಬ್ರಾಕೆಟ್ಟು ಗೋಡೆಯಿಂದ ಕಿತ್ತು ಬರುತ್ತಿದೆ, 25 ಮಿಲಿಮೀಟರ್ ದಪ್ಪದ ಹಲಗೆ ಹಾಕಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ದಪ್ಪದ ಲೆಕ್ಕಕ್ಕಿಂತ ಮೊದಲು ಹಲಗೆಯ ಕೆಳಗಿನ ಆಧಾರಗಳು ಎಷ್ಟು ದೂರದಲ್ಲಿವೆ, ಆ ಆಧಾರಗಳು ಗೋಡೆಯಲ್ಲಿ ಯಾವುದನ್ನು ಹಿಡಿದುಕೊಂಡಿವೆ ಎಂಬುದನ್ನು ನೋಡಬೇಕು.

ಹಲಗೆಯ ಬಾಗು ದಪ್ಪದ ಘನಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಹಾಗಾಗಿ 18ರ ಬದಲು 25 ಮಿಲಿಮೀಟರ್ ಹಾಕಿದರೆ ಈಗಿನ ಬಾಗಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಇನ್ನೂ ಉಳಿಯುತ್ತದೆ. ಆದರೆ ಉದ್ದಕ್ಕೂ ಸಮನಾಗಿ ಭಾರ ಹೊತ್ತ ಹಲಗೆಯಲ್ಲಿ ಆಧಾರಗಳ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸಿದರೆ ಬಾಗು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪ ಹಲಗೆಗೆ ಖರ್ಚು ಮಾಡುವ ಬದಲು ನಡುವೆ ಇನ್ನೆರಡು ಬ್ರಾಕೆಟ್ ಹಾಕಿ, ಪ್ರತಿ 50 ಸೆಂಟಿಮೀಟರಿಗೆ ಒಂದು ಆಧಾರ ಸಿಗುವಂತೆ ಮಾಡಿ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಹಲಗೆಯನ್ನಂತೂ ಬದಲಿಸಲೇಬೇಕು, ಏಕೆಂದರೆ ಪಾರ್ಟಿಕಲ್ ಬೋರ್ಡ್ ಸದಾ ಭಾರ ಹೊತ್ತಿದ್ದರೆ ತಿಂಗಳು ತಿಂಗಳಿಗೂ ಇನ್ನಷ್ಟು ಇಳಿಯುತ್ತಾ ಹೋಗುತ್ತದೆ, ಒಮ್ಮೆ ಬಾಗಿದ್ದು ಪೂರ್ತಿ ನೆಟ್ಟಗಾಗುವುದಿಲ್ಲ. 18 ಅಥವಾ 19 ಮಿಲಿಮೀಟರ್ ಪ್ಲೈವುಡ್ ಸಾಕು. ಅದರ ಮೇಲ್ಪದರದ ನಾರು ಹಲಗೆಯ ಉದ್ದಕ್ಕೆ ಓಡುವಂತೆ ಕತ್ತರಿಸಬೇಕೆಂದು ಬಡಗಿಗೆ ಮೊದಲೇ ತಿಳಿಸಿ. ಮುಂದಿನ ಅಂಚಿಗೆ 40 ಮಿಲಿಮೀಟರ್ ಎತ್ತರದ ಗಟ್ಟಿ ಮರದ ಪಟ್ಟಿಯನ್ನು ಅಂಟು ಮತ್ತು ಸ್ಕ್ರೂ ಎರಡನ್ನೂ ಬಳಸಿ ನಿಲುವಾಗಿ ಕೂರಿಸಿದರೆ, ಆ ಪಟ್ಟಿಯೇ ಒಂದು ಸಣ್ಣ ತೊಲೆಯಂತೆ ಕೆಲಸ ಮಾಡುತ್ತದೆ.

ಹಿಂಬದಿಗೂ ಎರಡು ಪಕ್ಕಗಳಿಗೂ ಗೋಡೆಗೆ ಮರದ ರೀಪು ಹೊಡೆದು, ಹಲಗೆ ಮೂರು ಕಡೆಯೂ ಅದರ ಮೇಲೆ ಕೂರುವಂತೆ ಮಾಡುವುದು ನಾನು ಕಂಡ ಅತ್ಯಂತ ಗಟ್ಟಿಯಾದ ಕ್ರಮ. ಆಗ ಬ್ರಾಕೆಟ್ಟುಗಳು ಮುಖ್ಯವಾಗಿ ಮುಂಭಾಗವನ್ನಷ್ಟೇ ಹೊತ್ತರೆ ಸಾಕಾಗುತ್ತದೆ.

ಗೋಡೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಮೊದಲ ಸಲ ಹಾಕಿದ ಶೆಲ್ಫ್ ಬಿದ್ದದ್ದು ಇಲ್ಲಿಯೇ. ಹಲಗೆ ಮುರಿದಿರಲಿಲ್ಲ, ಸ್ಕ್ರೂ ಬಾಗಿರಲಿಲ್ಲ. ಸ್ಕ್ರೂ ಹಿಡಿದುಕೊಳ್ಳಲೆಂದು ಗೋಡೆಯ ರಂಧ್ರದೊಳಗೆ ಕೂರಿಸುವ ಪ್ಲಾಸ್ಟಿಕ್ ಪ್ಲಗ್ ಮಾತ್ರ ತನ್ನ ಸುತ್ತಲಿನ ಗಿಲಾವಿನ ಹೆಂಟೆಯ ಸಮೇತ ಕಿತ್ತು ಬಂದಿತ್ತು. ಅದನ್ನು ಅಂಗೈಯಲ್ಲಿಟ್ಟು ನೋಡಿದಾಗ, ಅದು ಇಟ್ಟಿಗೆಯನ್ನು ಬಹುತೇಕ ಮುಟ್ಟಿಯೇ ಇರಲಿಲ್ಲವೆಂಬುದು ಗೊತ್ತಾಯಿತು. ಗಿಲಾವು ಭಾರ ಹೊರುವ ವಸ್ತುವಲ್ಲ. ಡ್ರಿಲ್ ಮಾಡುವಾಗ ಹೊರಬರುವ ಪುಡಿಯನ್ನು ಗಮನಿಸಿ: ಬೂದು ಪುಡಿ ನಿಂತು ಕೆಂಪು ಪುಡಿ ಬರತೊಡಗಿದಲ್ಲಿಂದ ಪ್ಲಗ್ಗಿನ ಉದ್ದವನ್ನು ಎಣಿಸಬೇಕು. 8 ಮಿಲಿಮೀಟರ್ ಪ್ಲಗ್ಗಿಗೆ 8 ಮಿಲಿಮೀಟರ್ ಬಿಟ್ಟನ್ನೇ ಬಳಸಿ, ರಂಧ್ರದ ಪುಡಿಯನ್ನು ಪೂರ್ತಿ ಊದಿ ತೆಗೆಯಿರಿ; ಪುಡಿ ಉಳಿದ ರಂಧ್ರದಲ್ಲಿ ಪ್ಲಗ್ ಜಾರುತ್ತದೆ. ಇಟ್ಟಿಗೆಗಳ ನಡುವಿನ ಗಾರೆಯ ಸಂದಿಯನ್ನು ತಪ್ಪಿಸಿ. ಸ್ವಿಚ್ ಬೋರ್ಡಿನ ನೇರ ಮೇಲೆ ಮತ್ತು ಕೆಳಗೆ ತಂತಿ ಇರುವ ಸಂಭವ ಹೆಚ್ಚಾದ್ದರಿಂದ ಅಲ್ಲಿ ಡ್ರಿಲ್ ಬೇಡವೇ ಬೇಡ. ನಿಮ್ಮದು ಟೊಳ್ಳು ಬ್ಲಾಕಿನ ಗೋಡೆಯಾದರೆ ಒಳಗೆ ಅರಳಿಕೊಳ್ಳುವ ಬೇರೆ ಬಗೆಯ ಆಂಕರ್ ಬೇಕು. ಜಿಪ್ಸಮ್ ಹಲಗೆಯ ಗೋಡೆಯಾದರೆ ಸಾಮಾನ್ಯವಾಗಿ 40 ಅಥವಾ 60 ಸೆಂಟಿಮೀಟರಿಗೊಂದರಂತೆ ಒಳಗಿರುವ ಕಂಬಗಳನ್ನು ಹುಡುಕಿ, ಅವುಗಳಿಗೇ ಸ್ಕ್ರೂ ಹಾಕಬೇಕು.

ಬ್ರಾಕೆಟ್ಟಿನ ಉದ್ದನೆಯ ತೋಳು ಗೋಡೆಗಿರಲಿ, ಗಿಡ್ಡ ತೋಳು ಹಲಗೆಗಿರಲಿ. ನೋಡಲು ಇದು ತಿರುವುಮುರುವಾಗಿ ಕಂಡೀತು, ಆದರೆ ಭಾರವು ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೆ ಎಳೆಯುತ್ತದೆ, ಕೆಳತುದಿಯನ್ನು ಗೋಡೆಗೆ ಒತ್ತುತ್ತದೆ; ಗೋಡೆಯ ತೋಳು ಉದ್ದವಾದಷ್ಟೂ ಆ ಎಳೆತ ತಗ್ಗುತ್ತದೆ. ಗಿಡ್ಡ ತೋಳು ಕೂಡ ಹಲಗೆಯ ಆಳದ ಮೂರನೆಯ ಎರಡು ಪಾಲಿಗಿಂತ ಕಡಿಮೆಯಾಗಬಾರದು. ಮಡಿಸಿದ ಬಟ್ಟೆಗೆ 35 ಸೆಂಟಿಮೀಟರ್ ಆಳ ಸಾಕು. ಅದಕ್ಕಿಂತ ಆಳವಾದರೆ ಭಾರವೂ ಗೋಡೆಯಿಂದ ದೂರ ಸರಿಯುತ್ತದೆ.

ಕೋಟುಗಳನ್ನು ನೇತುಹಾಕುವ ಕೊಳವೆಯನ್ನು ಹಲಗೆಯ ತಳಕ್ಕೆ ತಗುಲಿಸಬೇಡಿ. ಅದರ ಎರಡೂ ತುದಿಗಳನ್ನು ಪಕ್ಕದ ಗೋಡೆಗಳಿಗೆ ಕೊಟ್ಟು, 150 ಸೆಂಟಿಮೀಟರ್ ಉದ್ದಕ್ಕೆ ನಡುವೆ ಒಂದು ಆಧಾರವನ್ನು ಹಿಂಗೋಡೆಯಿಂದಲೇ ತನ್ನಿ. 25 ಮಿಲಿಮೀಟರ್ ವ್ಯಾಸದ ಉಕ್ಕಿನ ಕೊಳವೆಯಿರಲಿ, ತೆಳು ಅಲ್ಯೂಮಿನಿಯಂ ಬೇಡ.

ಕೆಲಸ ಶುರುಮಾಡುವ ಮೊದಲು ಬಟ್ಟೆಗಳನ್ನು ದಯವಿಟ್ಟು ತೂಗಿ ನೋಡಿ. ದೇಹದ ತೂಕ ನೋಡುವ ಯಂತ್ರದ ಮೇಲೆ ಗಂಟು ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತರೆ ವ್ಯತ್ಯಾಸ ತಿಳಿಯುತ್ತದೆ. ಬ್ರಾಕೆಟ್ ಕೊಳ್ಳುವಾಗ ಆ ತೂಕದ ಕನಿಷ್ಠ ಎರಡರಷ್ಟನ್ನು ಹೊರಬಲ್ಲವನ್ನು ಆರಿಸಿ. ಬಟ್ಟೆ ಜೋಡಿಸಿದ ಒಂದು ತಿಂಗಳ ನಂತರ ಹಲಗೆಯ ಮುಂದಿನ ಅಂಚಿನ ಈ ತುದಿಯಿಂದ ಆ ತುದಿಗೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರಕ್ಕೂ ಹಲಗೆಗೂ ನಡುವೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡರೆ, ಕಂಬಳಿಗಳನ್ನು ಬ್ರಾಕೆಟ್ಟುಗಳ ನೇರಕ್ಕೆ ಸರಿಸಿ, ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಗೊಳಿಸಿ.